ಕೆಲಸ ಹೋದ ಮನೆಯ ಜಮಾಖರ್ಚು

ಸಂಬಳ ನಿಂತ ಮನೆಯಲ್ಲಿ ಖರ್ಚಿಗೆ ಕತ್ತರಿ ಬೀಳುವುದಕ್ಕೂ ಒಂದು ಕ್ರಮವಿದೆ. ಮೊದಲು ಪತ್ರಿಕೆ ನಿಲ್ಲುತ್ತದೆ. ಆಮೇಲೆ ಅರ್ಧ ಲೀಟರ್ ಹಾಲು. ವಾರಕ್ಕೊಮ್ಮೆ ಬರುತ್ತಿದ್ದ ಕೋಳಿ ತಿಂಗಳಿಗೊಮ್ಮೆಯಾಗುತ್ತದೆ, ಮೊಟ್ಟೆ ಮಕ್ಕಳಿಗೆ ಮಾತ್ರ ಎಂದಾಗುತ್ತದೆ, ತೊಗರಿಬೇಳೆ ಸಾರು ದಿನದಿಂದ ದಿನಕ್ಕೆ ತಿಳಿಯಾಗುತ್ತದೆ. ಕೊನೆಗೆ ಎಲ್ಲರಿಗೂ ಬಡಿಸಿದ ಮನೆಯೊಡತಿ ‘ನನಗೆ ಇವತ್ತು ಹಸಿವಿಲ್ಲ’ ಎನ್ನತೊಡಗುತ್ತಾಳೆ. ಅದೇ ತಿಂಗಳುಗಳಲ್ಲಿ ಬಾಡಿಗೆ ಮಾತ್ರ ಐದನೇ ತಾರೀಖಿಗೆ ತಪ್ಪದೆ ಹೋಗುತ್ತಿರುತ್ತದೆ. ಬೈಕಿನ ಕಂತು ಹೋಗುತ್ತಿರುತ್ತದೆ. ಚಿಕ್ಕಪ್ಪನ ಮಗಳ ಮದುವೆಯಲ್ಲಿ ಮುಯ್ಯಿ ಹಿಂದಿನಷ್ಟೇ ಬೀಳುತ್ತದೆ, ಅದಕ್ಕಾಗಿ ಕಿವಿಯ ಓಲೆ ಅಡವಿಗೆ ಹೋಗಿರುತ್ತದೆ.

ಈ ಕ್ರಮ ತಲೆಕೆಳಗಾದದ್ದು. ಆದರೆ ಇದು ತಿಳಿಗೇಡಿತನದಿಂದ ಆಗುವುದಲ್ಲ. ಯಾರಿಗೂ ಹೇಳದೆ, ಯಾರನ್ನೂ ಕೇಳದೆ ಉಳಿಸಬಹುದಾದ ಜಾಗ ಮನೆಯಲ್ಲಿ ಅಡುಗೆಮನೆಯೊಂದೇ. ಕಡಿಮೆ ಬಾಡಿಗೆಯ ಮನೆಗೆ ಹೋಗಬೇಕಾದರೆ ಮನೆ ಓನರ್‌ಗೆ ಹೇಳಬೇಕು, ಅಕ್ಕಪಕ್ಕದವರ ಪ್ರಶ್ನೆಗೆ ಉತ್ತರ ಕೊಡಬೇಕು. ಫೀಸಿಗೆ ಗಡುವು ಬೇಕೆಂದರೆ ಶಾಲೆಯ ಕಚೇರಿಯಲ್ಲಿ ಬೇರೆ ಪೋಷಕರ ಎದುರು ಬಾಯಿಬಿಡಬೇಕು. ಮುಯ್ಯಿ ಇಳಿಸಿದರೆ ಇಡೀ ಬಳಗಕ್ಕೆ ಸುದ್ದಿ ಮುಟ್ಟುತ್ತದೆ. ದೊಡ್ಡ ಖರ್ಚುಗಳೆಲ್ಲ ಇನ್ನೊಬ್ಬರ ಜೊತೆ ಗಂಟು ಬಿದ್ದಿರುತ್ತವೆ. ಅವನ್ನು ಬಿಚ್ಚಲು ಹೋದರೆ ಕೆಲಸ ಹೋದ ಸಂಗತಿ ಬಯಲಾಗುತ್ತದೆ. ಹಾಗಾಗಿ ಮನೆಯವರು ಗುಟ್ಟು ಕಾಯುತ್ತಾರೆ, ಗುಟ್ಟಿನ ಬೆಲೆಯನ್ನು ತಟ್ಟೆಯಲ್ಲಿ ತೆರುತ್ತಾರೆ. ನನ್ನ ವಾದ ಇದು: ಕೆಲಸವಿಲ್ಲದ ಮನೆ ಮೊದಲು ಕೈಬಿಡಬೇಕಾದ ಖರ್ಚು ಈ ಮುಚ್ಚುಮರೆಯದು. ಆ ಮನೆಯವರು ಬಾಯಿಬಿಟ್ಟು ಹೇಳಿಕೊಂಡರೆ ಮಾನ ಹೋಗದಂತೆ ನೋಡಿಕೊಳ್ಳುವುದು ಉಳಿದ ನಮ್ಮೆಲ್ಲರ, ಸರ್ಕಾರದ, ಕೆಲಸ.

ಲೆಕ್ಕ ಹಾಕಿ ನೋಡೋಣ. ಪೀಣ್ಯದ ಒಂದು ಮೆಷಿನ್ ಶಾಪಿನಲ್ಲಿ ದುಡಿಯುತ್ತಿದ್ದ ಒಬ್ಬನ ಸಂಸಾರವನ್ನು ಲೆಕ್ಕಕ್ಕೆಂದು ಕಲ್ಪಿಸಿಕೊಳ್ಳಿ. ಲಗ್ಗೆರೆಯಲ್ಲಿ ಬಾಡಿಗೆ ಮನೆ, ಹೆಂಡತಿ, ಇಬ್ಬರು ಮಕ್ಕಳು. ಸಂಬಳ 19,000 ರೂಪಾಯಿ, ಹೆಂಡತಿಯ ಖಾತೆಗೆ ಬರುವ ಗೃಹಲಕ್ಷ್ಮಿಯ 2,000, ಒಟ್ಟು 21,000. ಬಾಡಿಗೆ 7,000, ಬೈಕಿನ ಕಂತು 2,800, ಸಂಘದ ಸಾಲಕ್ಕೆ ವಾರಕ್ಕೆ 700ರಂತೆ ತಿಂಗಳಿಗೆ 2,800, ಶಾಲೆಗೆ 1,500. ಇಲ್ಲಿಗೇ 14,100 ಆಯಿತು. ದಿನಸಿ, ತರಕಾರಿ, ಹಾಲು, ಗ್ಯಾಸ್ ಎಲ್ಲ ಸೇರಿ 4,500. ಪೆಟ್ರೋಲು, ಫೋನಿನ ರೀಚಾರ್ಜು 1,400. ತಿಂಗಳ ಕೊನೆಗೆ ಉಳಿಯುತ್ತಿದ್ದದ್ದು ಸಾವಿರ ರೂಪಾಯಿ.

ಈಗ ಸಂಬಳ ನಿಂತಿತು. ಅಡುಗೆಮನೆಯಲ್ಲಿ ಎಷ್ಟೇ ಬಿಗಿ ಹಿಡಿದರೂ, ಮೂರರಲ್ಲಿ ಒಂದು ಪಾಲು ಇಳಿಸಿದರೂ, ಉಳಿಯುವುದು 1,500. ನಾಲ್ಕೂ ಜನ ಇಡೀ ತಿಂಗಳು ಉಪವಾಸ ಬಿದ್ದರೂ 4,500ಕ್ಕಿಂತ ಹೆಚ್ಚು ಉಳಿಯದು. ಹದಿನಾಲ್ಕು ಸಾವಿರದ ಕಡೆಗೆ ಯಾರೂ ತಿರುಗಿ ನೋಡಿಲ್ಲ. ಬೆಂಗಳೂರಿನಲ್ಲಿ ಹತ್ತು ತಿಂಗಳ ಬಾಡಿಗೆಯನ್ನು ಅಡ್ವಾನ್ಸ್ ಇಟ್ಟುಕೊಳ್ಳುವ ರೂಢಿ ಹೊಸದೇನಲ್ಲ. ಅಂದರೆ ಈ ಮನೆಯವರ 70,000 ರೂಪಾಯಿ ಓನರ್ ಬಳಿ ಬಡ್ಡಿಯಿಲ್ಲದೆ ಕೂತಿದೆ. 4,500 ಬಾಡಿಗೆಯ ಚಿಕ್ಕ ಮನೆಗೆ ಹೋದರೆ ತಿಂಗಳಿಗೆ 2,500 ಉಳಿತಾಯ. ಹೊಸ ಮನೆಗೆ 45,000 ಅಡ್ವಾನ್ಸ್ ಕೊಟ್ಟರೂ, ಪೇಂಟಿಂಗ್ ಎಂದು ಓನರ್ ಒಂದಷ್ಟು ಮುರಿದುಕೊಂಡರೂ, ಕೈಗೆ ಹತ್ತಿಪ್ಪತ್ತು ಸಾವಿರ ಬರುತ್ತದೆ. ಸಾಮಾನು ಸಾಗಿಸುವ ಗಾಡಿಯ ಬಾಡಿಗೆ ಅದರಲ್ಲೇ ನಡೆಯುತ್ತದೆ. ಬೈಕು ಮಾರಬೇಕೋ ಬೇಡವೋ ಎಂಬುದು ಬೇರೆ ಪ್ರಶ್ನೆ. ಊಟ ತಲುಪಿಸುವ, ಜನರನ್ನು ಕೂರಿಸಿಕೊಂಡು ಹೋಗುವ ಕೆಲಸಕ್ಕೆ ಅದೇ ಬಂಡವಾಳವಾದರೆ ಅದನ್ನು ಮಾರುವುದು ಸರಿಯಲ್ಲ. ಮನೆ ಮುಂದೆ ನಿಂತಿರಲಿ ಎಂದು ಇಟ್ಟುಕೊಂಡಿದ್ದರೆ ಕಂತು ಕಟ್ಟುವುದರಲ್ಲಿ ಅರ್ಥವಿಲ್ಲ. ಸಂಘದ ಕಂತನ್ನು ಅರ್ಧಕ್ಕಿಳಿಸಿ ಅವಧಿ ಉದ್ದ ಮಾಡಿಕೊಂಡರೆ, ಮನೆ ಬದಲಿಸಿದರೆ, ಬೈಕು ಬಿಟ್ಟರೆ, ಆ 14,100 ಹತ್ತಿರ ಹತ್ತಿರ ಅರ್ಧಕ್ಕೆ ಇಳಿಯುತ್ತದೆ. ಒಬ್ಬರ ಊಟಕ್ಕೂ ಕೈಹಾಕದೆ.

ಇದನ್ನು ಮಾಡಬೇಕಾದದ್ದು ಮೊದಲ ತಿಂಗಳಲ್ಲೇ. ಆದರೆ ಜನ ಮಾಡುವುದು ಆರನೇ ತಿಂಗಳಲ್ಲಿ, ಅಷ್ಟರಲ್ಲಿ ಓಲೆ ಹೋಗಿ, ಕೈಸಾಲ ಬೆಳೆದು, ಬಾಡಿಗೆಯ ಬಾಕಿಯನ್ನು ಅಡ್ವಾನ್ಸಿನಲ್ಲೇ ಮುರಿದುಕೊಂಡು, ಹಿಂದಕ್ಕೆ ಬರಬೇಕಾದ ಹಣವೂ ಕರಗಿರುತ್ತದೆ. ‘ಇನ್ನೊಂದು ತಿಂಗಳಲ್ಲಿ ಕೆಲಸ ಸಿಕ್ಕೇ ಸಿಗುತ್ತದೆ’ ಎಂಬ ಆಸೆ ಒಂದು ಕಾರಣ. ಅದು ತಪ್ಪಲ್ಲ, ಆಸೆಯಿಲ್ಲದೆ ಯಾರೂ ಬೆಳಿಗ್ಗೆ ಎದ್ದು ಕೆಲಸ ಹುಡುಕಲು ಹೋಗಲಾರರು. ಆದರೆ ಆ ಆಸೆಯ ಜೊತೆಗೇ ಅಂಟಿಕೊಂಡಿರುವುದು ಹೇಳಿಕೊಳ್ಳುವ ಭಯ.

ಆ ಭಯದ ಬೆಲೆ ಕೆಲಸ ಹೋಗುವ ದಿನವೇ ಶುರುವಾಗುತ್ತದೆ. ಆಳು ಕಡಿಮೆ ಮಾಡುವ ಎಷ್ಟೋ ಕಡೆ ಮಾಲೀಕರು ರಾಜೀನಾಮೆ ಪತ್ರ ಬರೆಸಿಕೊಳ್ಳುತ್ತಾರೆ. ‘ತೆಗೆದುಹಾಕಿದರು ಅಂತ ಆಗೋದಕ್ಕಿಂತ ನೀನೇ ಬಿಟ್ಟೆ ಅಂತ ಇದ್ದರೆ ಮುಂದೆ ಒಳ್ಳೆಯದು’ ಎಂದು ಹಿತವಾಗಿಯೇ ಹೇಳುತ್ತಾರೆ. ಮಾನಕ್ಕೆ ಅಂಜಿದವನು ಸಹಿ ಹಾಕುತ್ತಾನೆ. ಒಂದು ವರ್ಷಕ್ಕಿಂತ ಹೆಚ್ಚು ಸತತವಾಗಿ ದುಡಿದ ಕಾರ್ಮಿಕನನ್ನು ಆಳು ಹೆಚ್ಚಾಯಿತೆಂದು ತೆಗೆದರೆ, ಸೇವೆಯ ಪ್ರತಿ ವರ್ಷಕ್ಕೆ 15 ದಿನದ ಸಂಬಳದಂತೆ ಪರಿಹಾರ ಕೊಡಬೇಕೆನ್ನುತ್ತದೆ ಕಾನೂನು. ಆರು ವರ್ಷ ದುಡಿದವನಿಗೆ 90 ದಿನದ ಸಂಬಳ. ತಾನಾಗಿ ಬಿಟ್ಟೆನೆಂದು ಬರೆದುಕೊಟ್ಟ ಮೇಲೆ ಅದನ್ನು ಕೇಳುವ ನೆಲೆಯೇ ಇಲ್ಲವಾಗುತ್ತದೆ. ಇಎಸ್‌ಐನ ನಿರುದ್ಯೋಗ ಭತ್ಯೆಯ ದಾರಿಯೂ ತೊಡಕಾಗುತ್ತದೆ.

ಆ ಭತ್ಯೆಯ ಬಗ್ಗೆ ಎರಡು ಮಾತು ಹೇಳಲೇಬೇಕು, ಏಕೆಂದರೆ ಅರ್ಹರಾದವರಲ್ಲೇ ಅದನ್ನು ಬಲ್ಲವರು ಕಡಿಮೆ. ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳವಿರುವವರಿಗೆ ಇಎಸ್‌ಐ ಇರುತ್ತದೆ. ಅದರಡಿ ಈ ಭತ್ಯೆ ಕೊಡುವ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ ಯೋಜನೆ 2018ರ ಜುಲೈಯಲ್ಲಿ ಶುರುವಾಯಿತು. ಮೊದಲು ಸರಾಸರಿ ದಿನಗೂಲಿಯ ಕಾಲು ಭಾಗ ಕೊಡುತ್ತಿದ್ದರು. ಕೋವಿಡ್ ಬಂದ 2020ರಲ್ಲಿ ಅರ್ಧಕ್ಕೆ ಏರಿಸಿದರು. ಗರಿಷ್ಠ 90 ದಿನ, ಜೀವಮಾನದಲ್ಲಿ ಒಂದೇ ಸಲ. ಅವಧಿಯನ್ನು ಆಗಾಗ ವಿಸ್ತರಿಸುತ್ತ ಬಂದಿರುವ ಯೋಜನೆ ಇದು. ವಂತಿಗೆಯ ಷರತ್ತು ಪೂರೈಸಿದ್ದರೆ ನಮ್ಮ ಲೆಕ್ಕದ ಸಂಸಾರಕ್ಕೆ ಮೂರು ತಿಂಗಳಲ್ಲಿ 28,500 ರೂಪಾಯಿಯಾಗುತ್ತದೆ. ಜೊತೆಗೆ, ಕೆಲಸ ಹೋದ ದಿನವೇ ಇಎಸ್‌ಐ ಆಸ್ಪತ್ರೆಯ ಬಾಗಿಲು ಮುಚ್ಚುವುದಿಲ್ಲ. ಒಂದು ಅರ್ಧವರ್ಷದಲ್ಲಿ ಕಟ್ಟಿದ ವಂತಿಗೆ ಮುಂದಿನ ಒಂದು ಅರ್ಧವರ್ಷಕ್ಕೆ ನೆರಳಾಗುತ್ತದೆ. ಮಗುವಿಗೆ ಜ್ವರ ಬಂದಾಗ ಗುಟ್ಟು ಬಿಡಲಾಗದೆ ಹಳೆಯ ಖಾಸಗಿ ಕ್ಲಿನಿಕ್ಕಿಗೇ ಹೋಗಿ ಐನೂರು ಕೊಟ್ಟು ಬರುವವರಿಗೆ ಇದು ತಿಳಿದಿರಬೇಕು.

ರಾಜ್ಯದ ಗ್ಯಾರಂಟಿಗಳ ಕಡೆ ಬರೋಣ. 2023ರ ಜೂನ್ 11ರಿಂದ ಹೆಂಗಸರಿಗೆ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ಹಣವಿಲ್ಲ. ಅದೇ ವರ್ಷದ ಆಗಸ್ಟ್‌ನಿಂದ 200 ಯೂನಿಟ್‌ವರೆಗಿನ ಮನೆ ಬಳಕೆಗೆ ಶೂನ್ಯ ಬಿಲ್ಲು, ಆಗಸ್ಟ್ 30ರಂದು ಮೈಸೂರಿನಲ್ಲಿ ಗೃಹಲಕ್ಷ್ಮಿಗೆ ಚಾಲನೆ. ಇವನ್ನು ‘ಬಿಟ್ಟಿ ಭಾಗ್ಯ’ ಎಂದು ಹಂಗಿಸುವ ಮಾತು ಟೀವಿ ಚರ್ಚೆಯಿಂದ ಹಿಡಿದು ಕಟ್ಟೆ ಹರಟೆಯವರೆಗೆ ಕೇಳುತ್ತಲೇ ಇದೆ. ಈ ಮಾತಿನಿಂದ ಆಗುವ ಹಾನಿ ಏನೆಂದು ಆಡುವವರು ಯೋಚಿಸಿದಂತಿಲ್ಲ. ಸಂಬಳ ನಿಂತ ಮನೆಯ ಗಂಡಸು ಈ ಮಾತನ್ನು ಕೇಳಿಸಿಕೊಳ್ಳುತ್ತಾನೆ. ನಿನ್ನೆಯವರೆಗೆ ತಾನೂ ಅದನ್ನು ಆಡಿದ್ದಿರಬಹುದು. ಇಂದು ತನ್ನ ಮನೆಯ ದೀಪ, ಹೆಂಡತಿಯ ಬಸ್ಸು, ತಿಂಗಳ ಎರಡು ಸಾವಿರ ಅದೇ ಪಟ್ಟಿಗೆ ಸೇರಿದೆ ಎಂದು ತಿಳಿದಾಗ ಅವನು ಇನ್ನಷ್ಟು ಬಾಗಿಲು ಹಾಕಿಕೊಳ್ಳುತ್ತಾನೆ. ಕೇಳಬಹುದಾದ ಇನ್ನೊಂದು ನೆರವನ್ನೂ ಕೇಳದೆ ಬಿಡುತ್ತಾನೆ. ಅವನು ಕೊಂಡ ಪ್ರತಿ ಸೋಪಿನಲ್ಲಿ, ಪ್ರತಿ ಲೀಟರ್ ಪೆಟ್ರೋಲಿನಲ್ಲಿ ತೆರಿಗೆ ಕಟ್ಟುತ್ತ ಬಂದವನು; ಈಗಲೂ ಕಟ್ಟುತ್ತಲೇ ಇದ್ದಾನೆ. ಕಷ್ಟಕಾಲಕ್ಕೆಂದು ಎಲ್ಲರೂ ಸೇರಿ ಹಾಕಿದ ಹಣದಲ್ಲಿ ಅವನ ಪಾಲೂ ಇದೆ.

ಬಡವನಿಗೆ ಜಿಪುಣತನದ ಪಾಠ ಹೇಳುವ ಚಪಲ ನಮ್ಮ ಕಾಲದ್ದಷ್ಟೇ ಅಲ್ಲ. 1899ರಲ್ಲಿ ಇಂಗ್ಲೆಂಡಿನ ಯಾರ್ಕ್ ಪಟ್ಟಣದಲ್ಲಿ ಸೀಬೋಮ್ ರೌಂಟ್ರಿ ಎಂಬ ಚಾಕೊಲೇಟ್ ಕಾರ್ಖಾನೆ ಮನೆತನದ ಯುವಕ ಕೂಲಿಕಾರರ ಮನೆ ಮನೆಯ ಲೆಕ್ಕ ಬರೆಸಿದ. ಬಡವರು ಬಡವರಾಗಿರುವುದು ದುಂದುಗಾರಿಕೆಯಿಂದ, ಕುಡಿತದಿಂದ ಎಂಬ ಮಾತಿಗೆ ಉತ್ತರ ಕೊಡುವುದು ಅವನಿಗೆ ಬೇಕಿತ್ತು. ಅದಕ್ಕಾಗಿ ಅತಿ ಬಿಗಿಯಾದ ಒಂದು ಗೆರೆ ಎಳೆದ: ದೇಹ ದುಡಿಯುವ ಸ್ಥಿತಿಯಲ್ಲಿರಲು ಬೇಕಾದಷ್ಟು ಅನ್ನ, ಬಟ್ಟೆ, ಸೂರು, ಅಷ್ಟೇ. ಅದರಲ್ಲಿ ರೈಲು ಟಿಕೆಟ್ಟಿಲ್ಲ, ಪತ್ರಿಕೆಯಿಲ್ಲ, ದೂರದ ಮಗನಿಗೆ ಕಾಗದ ಬರೆಯಲು ಅಂಚೆಚೀಟಿಯಿಲ್ಲ, ಮಕ್ಕಳಿಗೊಂದು ಆಟಿಕೆಯಿಲ್ಲ. ಹಾಗೆ ಬದುಕಿ ಎಂದು ಅವನು ಉಪದೇಶಿಸಲಿಲ್ಲ. ಹಾಗೆ ಬದುಕಿದರೂ ಸಾಲದಷ್ಟು ಕೂಲಿ ಎಷ್ಟು ಮನೆಗಳಿಗೆ ಬರುತ್ತಿದೆ ಎಂದು ತೋರಿಸಿದ. 1901ರಲ್ಲಿ ಪುಸ್ತಕ ಬಂದಾಗ ದೇಶಕ್ಕೆ ಆಘಾತವಾಯಿತು. ಮುಂದೆ ಆದದ್ದು ವಿಷಾದದ ಸಂಗತಿ: ಮನುಷ್ಯ ಇದಕ್ಕಿಂತ ಕೆಳಗೆ ಇಳಿಯಬಾರದು ಎಂದು ಎಳೆದ ಗೆರೆಗಳನ್ನು ಮನುಷ್ಯನಿಗೆ ಇಷ್ಟು ಸಾಕು ಎಂಬಂತೆ ಓದುವ ಅಭ್ಯಾಸ ಎಲ್ಲ ದೇಶಗಳ ಕಚೇರಿಗಳಲ್ಲಿ ಬೆಳೆಯಿತು. 2011ರ ಸೆಪ್ಟೆಂಬರ್‌ನಲ್ಲಿ ನಮ್ಮ ಯೋಜನಾ ಆಯೋಗ ಸುಪ್ರೀಂ ಕೋರ್ಟಿಗೆ ಪ್ರಮಾಣಪತ್ರ ಸಲ್ಲಿಸಿ, ನಗರದಲ್ಲಿ ದಿನಕ್ಕೆ 32 ರೂಪಾಯಿ, ಹಳ್ಳಿಯಲ್ಲಿ 26 ರೂಪಾಯಿ ಖರ್ಚು ಮಾಡಬಲ್ಲವರನ್ನು ಬಡತನದ ಗೆರೆಯ ಮೇಲಿಟ್ಟದ್ದು ಅನೇಕರಿಗೆ ನೆನಪಿರಬಹುದು.

ರೌಂಟ್ರಿಯ ಪಟ್ಟಿಯಲ್ಲಿ ಇಲ್ಲದ ವಸ್ತುಗಳನ್ನು ಇನ್ನೊಮ್ಮೆ ನೋಡಿ. ರೈಲು ಟಿಕೆಟ್, ಪತ್ರಿಕೆ, ಅಂಚೆಚೀಟಿ. ಮೂರೂ ಕೆಲಸ ಹುಡುಕುವ ಸಲಕರಣೆಗಳು. ಮನುಷ್ಯರ ನಡುವೆ ಇರಲು ಬೇಕಾದವೂ ಹೌದು. ದೇಹ ಉಳಿಸಿಕೊಳ್ಳಲು ಬೇಡವಾದದ್ದು, ಕೆಲಸಕ್ಕೆ ಮರಳಲು ಬೇಕೇ ಬೇಕು. ಸಂಬಳ ನಿಂತ ನಮ್ಮ ಮನೆಗಳೂ ಮೊದಲು ಕಡಿಯುವುದು ಇವನ್ನೇ.

ಇದರ ಪರಿಣಾಮವನ್ನು ಬಹಳ ಹತ್ತಿರದಿಂದ ನೋಡಿದ ಒಂದು ಅಧ್ಯಯನವಿದೆ. ವಿಯೆನ್ನಾ ಬಳಿಯ ಮಾರಿಯೆಂಟಾಲ್ ಒಂದು ನೂಲಿನ ಗಿರಣಿಯನ್ನೇ ನಂಬಿದ್ದ ಹಳ್ಳಿ. 1929-30ರಲ್ಲಿ ಗಿರಣಿ ಮುಚ್ಚಿತು. ನಾಲ್ಕರಲ್ಲಿ ಮೂರಕ್ಕಿಂತ ಹೆಚ್ಚು ಮನೆಗಳಲ್ಲಿ ದುಡಿಯುವವರೇ ಇಲ್ಲವಾದರು. ಮಾರೀ ಯಹೋಡಾ, ಪಾಲ್ ಲಾಜರ್ಸ್‌ಫೆಲ್ಡ್, ಹಾನ್ಸ್ ತ್ಸೈಸೆಲ್ ಮತ್ತು ಅವರ ಸಂಗಡಿಗರು ಅಲ್ಲಿ ಹೋಗಿ ನೋಡಿ, 1933ರಲ್ಲಿ ಬರೆದರು. ಕೆಲಸವಿಲ್ಲದವರಿಗೆ ಹೊತ್ತು ಬೇಕಾದಷ್ಟಿರುತ್ತದೆ, ಓದುತ್ತಾರೆ, ಸಂಘಟನೆ ಕಟ್ಟುತ್ತಾರೆ ಎಂದು ಭಾವಿಸಿದವರಿಗೆ ಕಂಡದ್ದು ಬೇರೆ. ಗ್ರಂಥಾಲಯದ ಶುಲ್ಕ ತೆಗೆದುಹಾಕಿದ್ದರೂ ಪುಸ್ತಕ ಒಯ್ಯುವುದು ಹತ್ತಿರ ಹತ್ತಿರ ಅರ್ಧಕ್ಕೆ ಇಳಿದಿತ್ತು. ಗಂಡಸರ ನಡಿಗೆಯೇ ನಿಧಾನವಾಗಿತ್ತು. ಬೀದಿ ದಾಟುವಾಗ ಮತ್ತೆ ಮತ್ತೆ ನಿಲ್ಲುತ್ತಿದ್ದರು. ಹೆಂಗಸರಿಗೆ ಆ ಪುರಸೊತ್ತೂ ಇರಲಿಲ್ಲ, ಇದ್ದ ಹಳೆಯ ಬಟ್ಟೆಯನ್ನೇ ರಾತ್ರಿ ಕೂತು ತೇಪೆ ಹಾಕಬೇಕಿತ್ತು. ಒಂದು ಕಡೆ ಆಲೂಗಡ್ಡೆ ಹಾಕಬಹುದಾದ ತುಂಡು ನೆಲದಲ್ಲಿ ಹೂವಿನ ಗಿಡ ಬೆಳೆಸಿದವರೂ ಇದ್ದರು. ಲೆಕ್ಕದ ಪ್ರಕಾರ ಅದು ವ್ಯರ್ಥ. ಆದರೆ ಅನ್ನವೊಂದನ್ನೇ ನಂಬಿ ಮನುಷ್ಯ ಬಾಳಲಾರ ಎಂಬುದನ್ನು ಆ ಊರು ತಾನಾಗಿ ಕಂಡುಕೊಂಡಿತ್ತು.

ಮಾರಿಯೆಂಟಾಲ್‌ನ ಇನ್ನೊಂದು ಸಂಗತಿ ನನ್ನನ್ನು ಹೆಚ್ಚು ಕಾಡುತ್ತದೆ. ಭತ್ಯೆ ಪಡೆಯುವವನು ಸಣ್ಣಪುಟ್ಟ ಕೆಲಸ ಮಾಡಿ ಏನಾದರೂ ಗಳಿಸಿದರೆ ಭತ್ಯೆ ನಿಲ್ಲುತ್ತಿತ್ತು. ಹಾಗಾಗಿ ಒಬ್ಬರ ಮೇಲೊಬ್ಬರು ಕಣ್ಣಿಡತೊಡಗಿದರು. ಹೆಸರಿಲ್ಲದ ದೂರುಗಳು ವರ್ಷದಿಂದ ವರ್ಷಕ್ಕೆ ಹೆಚ್ಚಿದವು. ವಿಚಾರಿಸಿದರೆ ಬಹುಪಾಲು ಸುಳ್ಳಾಗಿರುತ್ತಿದ್ದವು. ನೆರವಿನ ನಿಯಮವೇ ನೆರೆಹೊರೆಯನ್ನು ಒಡೆಯಿತು.

ನಮ್ಮ ಯುವನಿಧಿಯ ನಿಯಮ ಓದಿದಾಗ ಇದು ನೆನಪಾಗುತ್ತದೆ. 2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಚಾಲನೆ ಕೊಟ್ಟ ಈ ಯೋಜನೆಯಲ್ಲಿ, ಪಾಸಾಗಿ 180 ದಿನವಾದರೂ ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾ ಮಾಡಿದವರಿಗೆ 1,500 ರೂಪಾಯಿ, ಹೆಚ್ಚೆಂದರೆ ಎರಡು ವರ್ಷ. ಕೆಲಸ ಸಿಕ್ಕ ಕೂಡಲೇ ಇಡೀ ಹಣ ನಿಲ್ಲುತ್ತದೆ. ತನಗೆ ಕೆಲಸವಿಲ್ಲ ಎಂದು ಆಗಾಗ ತಾನೇ ಘೋಷಿಸಿಕೊಳ್ಳುತ್ತಿರಬೇಕು. ಧಾರವಾಡದ ಒಂದು ರೂಮಿನಲ್ಲಿದ್ದುಕೊಂಡು ಪರೀಕ್ಷೆಗೆ ಓದುವ ಹುಡುಗಿಯೊಬ್ಬಳು ಸಂಜೆ ಎರಡು ಗಂಟೆ ಟ್ಯೂಷನ್ ಹೇಳಿದರೆ ಅದು ಕೆಲಸವೋ ಅಲ್ಲವೋ? ಹೇಳಿದರೆ ಹಣ ಹೋದೀತು, ಹೇಳದಿದ್ದರೆ ಸುಳ್ಳಾದೀತು ಎಂಬ ಅಂಜಿಕೆಯಲ್ಲಿ ಅವಳು ಟ್ಯೂಷನ್ನನ್ನೇ ಬಿಡುತ್ತಾಳೆ, ಇಲ್ಲವೇ ಮುಚ್ಚಿಡುತ್ತಾಳೆ. ಗಳಿಕೆ ಏರಿದಂತೆ ಭತ್ಯೆ ಸ್ವಲ್ಪ ಸ್ವಲ್ಪವಾಗಿ ಇಳಿಯುವಂತೆ ಮಾಡಿದ್ದರೆ ಈ ಇಕ್ಕಟ್ಟೇ ಇರುತ್ತಿರಲಿಲ್ಲ. ದಿನಕ್ಕೆ ನೂರು ರೂಪಾಯಿ ಕೊಟ್ಟು ಮಕ್ಕಳಿಗೆ ಮುಚ್ಚಿಡುವುದನ್ನು ಕಲಿಸಬಾರದು.

ಹಾಗಾದರೆ ಏನನ್ನು ಕಡಿಯಬಾರದು? ಕೋಲಾರದ ಚಿನ್ನದ ಗಣಿ 2001ರಲ್ಲಿ ಮುಚ್ಚಿದಾಗ ಕೆಜಿಎಫ್‌ನ ಮನೆಗಳು ಕೊಟ್ಟ ಉತ್ತರ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ. ಗಣಿಯ ಕೆಲಸ ಕಳೆದುಕೊಂಡ ಎಲ್ಲರಿಗೂ ಸಾಲುವಷ್ಟು ಬೇರೆ ಉದ್ಯೋಗ ಊರಲ್ಲಿರಲಿಲ್ಲ. ಮಾರಿಕುಪ್ಪಂನಿಂದ ನಸುಕಿನಲ್ಲಿ ಹೊರಡುವ ರೈಲು ಹತ್ತಿ ಬೆಂಗಳೂರಿಗೆ ಬಂದು ದುಡಿದು ರಾತ್ರಿ ಮನೆ ಸೇರುವುದು ಸಾವಿರಾರು ಜನರ ಬದುಕಾಯಿತು, ಇವತ್ತಿಗೂ ಆಗಿದೆ. ಅಂಥ ಮನೆಯಲ್ಲಿ ತಿಂಗಳ ರೈಲ್ವೆ ಪಾಸು ಅಕ್ಕಿಯಷ್ಟೇ ಮುಖ್ಯವಾದ ಖರ್ಚು. ಬೇರೆ ಊರುಗಳಲ್ಲಿ ಆ ಪಾಸಿನ ಜಾಗದಲ್ಲಿ ಫೋನಿನ ಡೇಟಾ ಇರಬಹುದು, ಸಂದರ್ಶನಕ್ಕೆ ಹೋಗಲು ಇಸ್ತ್ರಿ ಮಾಡಿದ ಒಂದು ಜೊತೆ ಬಟ್ಟೆ ಇರಬಹುದು. ಹಳೆಯ ಸಹೋದ್ಯೋಗಿಗಳ ಜೊತೆ ಕುಡಿಯುವ ಒಂದು ಕಾಫಿಯೂ ಇದರಲ್ಲಿ ಸೇರುತ್ತದೆ. ‘ಅಲ್ಲೊಂದು ಕಡೆ ಆಳು ಬೇಕಂತೆ’ ಎಂಬ ಮಾತು ಹುಟ್ಟುವುದು ಅಲ್ಲೇ. ಕೆಲಸ ಹೋಯಿತೆಂದು ತಿಳಿಯದ ಗೆಳೆಯ ಕೆಲಸವಿದೆ ಎಂದು ಹೇಳಲಾರ.

ಹೆಂಗಸರಿಗೆ ಬಸ್ಸು ಉಚಿತವಾದದ್ದು ಇಲ್ಲಿ ದೊಡ್ಡ ಸಹಾಯ. ಗಂಡನ ಓಡಾಟಕ್ಕೆ ದುಡ್ಡು ಬೇಕು, ಹೆಂಡತಿಯದಕ್ಕೆ ಬೇಡ. 2025ರ ಜನವರಿಯಲ್ಲಿ ಬಸ್ ದರ ಶೇ 15ರಷ್ಟು ಏರಿದ ಮೇಲಂತೂ ಈ ಅಂತರ ಹೆಚ್ಚಿದೆ. ಕೆಲವು ಮನೆಗಳಲ್ಲಿ ಗಂಡನ ಕೆಲಸ ಹೋದ ಮೇಲೆ ಹೆಂಡತಿ ಗಾರ್ಮೆಂಟ್ಸಿಗೋ ಅಂಗಡಿಗೋ ಸೇರಿಕೊಳ್ಳುವುದು ಇದರಿಂದ ಸುಲಭವಾಗಿದೆ. ಆಗ ಮನೆಯಲ್ಲಿರುವ ಗಂಡ ಒಲೆ ಹಚ್ಚಬೇಕು. ಅವಳು ಹೊರಗೂ ದುಡಿದು ಒಳಗೂ ದುಡಿದರೆ ಉಳಿತಾಯದ ಲೆಕ್ಕ ಮತ್ತೆ ಅವಳ ಮೈಮೇಲೇ ಬರೆದಂತೆ.

ಅಡುಗೆಮನೆಯ ಬಗ್ಗೆ ಹೇಳಬೇಕಾದದ್ದೂ ಅದೇ. ಅಲ್ಲಿ ಜಾಣತನಕ್ಕೆ ಜಾಗವಿಲ್ಲವೆಂದಲ್ಲ. ಹಳೆ ಮೈಸೂರಿನ ಹೆಂಗಸರು ಸೊಪ್ಪು, ಕಾಳು ಬೇಯಿಸಿ ಬಸಿದ ನೀರಿನಲ್ಲಿ ಬಸ್ಸಾರು ಮಾಡುತ್ತಾರೆ, ಬಸಿದದ್ದಕ್ಕೆ ಒಗ್ಗರಣೆ ಹಾಕಿ ಪಲ್ಯ ಮಾಡುತ್ತಾರೆ. ಒಂದೇ ಬೇಯಿಸುವಿಕೆಯಲ್ಲಿ ಎರಡು ಪದಾರ್ಥ, ಗ್ಯಾಸೂ ಉಳಿಯಿತು, ಸತ್ವವೂ ಉಳಿಯಿತು. ಹುರುಳಿಕಾಳು ಮೊಳಕೆ ಕಟ್ಟಿದರೆ ತೊಗರಿಬೇಳೆಯ ಖರ್ಚು ವಾರದಲ್ಲಿ ಎರಡು ದಿನ ತಪ್ಪುತ್ತದೆ. ರಾಗಿಯ ಮುದ್ದೆ, ಜೋಳದ ರೊಟ್ಟಿ ಹೊಟ್ಟೆಯಲ್ಲಿ ಹೆಚ್ಚು ಹೊತ್ತು ನಿಲ್ಲುತ್ತವೆ. ಸರ್ಕಾರಿ ಶಾಲೆಗೆ ಹೋಗುವ ಮಗುವಿಗೆ ಬಿಸಿಯೂಟ, ಹಾಲು, ಮೊಟ್ಟೆ ಸಿಗುತ್ತದೆ. ಕೆಲಸ ಹುಡುಕುತ್ತ ಅಲೆಯುವವರಿಗೆ ಇಂದಿರಾ ಕ್ಯಾಂಟೀನ್ ಇದೆ. 2017ರಲ್ಲಿ ಅದು ಶುರುವಾದಾಗ ತಿಂಡಿಗೆ 5 ರೂಪಾಯಿ, ಊಟಕ್ಕೆ 10 ಎಂದು ಇಟ್ಟದ್ದೇ ಇಂಥವರಿಗಾಗಿ. ಅಲ್ಲಿ ಸಾಲಿನಲ್ಲಿ ನಿಲ್ಲುವುದಕ್ಕೆ ಯಾರೂ ಸಂಕೋಚಪಡಬೇಕಿಲ್ಲ.

ಆದರೆ ಕಾಳು, ಬೇಳೆ, ಎಣ್ಣೆ, ಹಾಲಿನ ಅಳತೆ ಒಂದು ಮಟ್ಟಕ್ಕಿಂತ ಕೆಳಗೆ ಇಳಿದರೆ ಅದು ಉಳಿತಾಯವಲ್ಲ, ಸಾಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನರಿಗೆ ರಕ್ತಹೀನತೆಯಿತ್ತು. ಕೈಯಲ್ಲಿ ಸಂಬಳವಿದ್ದ ಕಾಲದ ಮನೆಗಳೂ ಅದರಲ್ಲಿ ಸೇರಿವೆ. ಮೊದಲೇ ಹೀಗಿರುವ ಮೈಯಿಂದ ಇನ್ನೂ ಸ್ವಲ್ಪ ಉಳಿಸೋಣ ಎನ್ನುವುದು ಕ್ರೌರ್ಯ, ಅದನ್ನು ಅವಳೇ ನಗುತ್ತ ಮಾಡಿದರೂ. ಸಂಬಳ ನಿಂತ ಮನೆಯವರು ಎಲ್ಲರೂ ಒಟ್ಟಿಗೆ ಕೂತು, ಇದ್ದುದನ್ನು ಸಮನಾಗಿ ಹಂಚಿಕೊಂಡು ಉಣ್ಣುವ ಪದ್ಧತಿ ಇಟ್ಟುಕೊಂಡರೆ ಒಂದು ರೂಪಾಯಿ ಖರ್ಚಿಲ್ಲದೆ ಈ ಅನ್ಯಾಯ ಕಣ್ಣಿಗೆ ಬೀಳುತ್ತದೆ.

ಸಾಲದ ವಿಷಯ ಇನ್ನೂ ಕಠಿಣ. ಕಿರುಸಾಲ ಕೊಡುವ ಸಂಸ್ಥೆಗಳು ಮನೆಯ ಆದಾಯದ ಅರ್ಧಕ್ಕಿಂತ ಹೆಚ್ಚನ್ನು ಸಾಲದ ಕಂತುಗಳು ನುಂಗದಂತೆ ನೋಡಿಕೊಳ್ಳಬೇಕೆಂದು ರಿಸರ್ವ್ ಬ್ಯಾಂಕು 2022ರಲ್ಲಿ ನಿಯಮ ಮಾಡಿತು. ಆದರೆ ಆ ಅಳತೆ ಸಾಲ ಕೊಡುವ ದಿನದ್ದು. ಸಂಬಳ ನಿಂತ ಮೇಲೆ ಅದೇ ಕಂತು ಆದಾಯದ ಅರ್ಧವಲ್ಲ, ಇಡಿಯಾಗುತ್ತದೆ. ವಸೂಲಿಗೆ ಬಂದವರು ಬಾಗಿಲಲ್ಲಿ ಕೂತು ಮಾನ ಕಳೆದ ಪ್ರಕರಣಗಳು, ಆತ್ಮಹತ್ಯೆಗಳು ಸುದ್ದಿಯಾಗಿ, 2025ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಕಿರುಕುಳ ತಡೆಯಲು ಸುಗ್ರೀವಾಜ್ಞೆ ತರಬೇಕಾಯಿತು. ಆ ಬಲವಂತಕ್ಕೆ ಇಂಬಾಗುವುದೂ ಇದೇ ಗುಟ್ಟು: ಬೀದಿಗೆ ತಿಳಿಯುತ್ತದೆ ಎಂಬ ಬೆದರಿಕೆ ಬೀದಿಗೆ ಆಗಲೇ ತಿಳಿದಿರುವ ಮನೆಯ ಮೇಲೆ ಅಷ್ಟು ನಡೆಯುವುದಿಲ್ಲ. ಒಂದು ಕಂತೂ ತಪ್ಪದಿರುವಾಗಲೇ ಹೋಗಿ, ಬರಹದಲ್ಲಿ ಕೊಟ್ಟು ಅವಧಿ ವಿಸ್ತರಣೆ ಕೇಳುವವನ ಮಾತಿಗೆ ತೂಕವಿರುತ್ತದೆ. ಮೂರು ಕಂತು ತಪ್ಪಿದ ಮೇಲೆ ಕೇಳುವವನು ಬೇಡುವವನಾಗಿರುತ್ತಾನೆ. ಸಂಘದ ಹೆಂಗಸರು ಒಬ್ಬರಿಗೊಬ್ಬರು ಜಾಮೀನು ನಿಂತವರು. ಅವರಿಗೆ ಮೊದಲೇ ತಿಳಿಸುವುದು ಅವರಿಗೆ ಕೊಡಬೇಕಾದ ಮರ್ಯಾದೆಯೂ ಹೌದು.

ಇಷ್ಟೆಲ್ಲ ಮನೆಯವರು ಮಾಡಿದರೂ ಸರ್ಕಾರ ಕಣ್ಣು ತೆರೆಯದ ಒಂದು ಜಾಗ ಉಳಿಯುತ್ತದೆ. ನಮ್ಮ ನೆರವುಗಳೆಲ್ಲ ಹೋದ ವರ್ಷದ ಮನೆಯನ್ನು ನೋಡುತ್ತವೆ. ನಮ್ಮ ಲೆಕ್ಕದ ಲಗ್ಗೆರೆಯ ಸಂಸಾರದ ವಾರ್ಷಿಕ ಆದಾಯ 1.2 ಲಕ್ಷ ರೂಪಾಯಿಯ ಮಿತಿಗಿಂತ ಮೇಲಿತ್ತು, ಹಾಗಾಗಿ ಅವರಿಗೆ ಬಿಪಿಎಲ್ ಕಾರ್ಡಿಲ್ಲ, ಅನ್ನಭಾಗ್ಯದ ಅಕ್ಕಿಯಿಲ್ಲ. ಇಂದು ಆದಾಯ ಸೊನ್ನೆ ಎಂದು ಅರ್ಜಿ ಹಾಕಿದರೆ ಹೊಸ ಕಾರ್ಡಿಗಾಗಿ ಕಾಯುವುದು ಎಂಥದ್ದೆಂದು ಕಾದವರಿಗೆಲ್ಲ ಗೊತ್ತು. ಗೃಹಜ್ಯೋತಿಯಲ್ಲಿ ಉಚಿತ ಯೂನಿಟ್ಟುಗಳ ಮಿತಿ ಹಾಕಿದ್ದು 2022-23ರ ಸರಾಸರಿ ಬಳಕೆಗೆ ಶೇ 10 ಸೇರಿಸಿ. ಆಗ ಮನೆಯ ಯಜಮಾನ ಹಗಲೆಲ್ಲ ಕಾರ್ಖಾನೆಯಲ್ಲಿರುತ್ತಿದ್ದ. ಈಗ ಮನೆಯಲ್ಲಿದ್ದಾನೆ, ಹಗಲೂ ಫ್ಯಾನು ತಿರುಗುತ್ತದೆ, ಹೆಂಡತಿಯ ಹೊಲಿಗೆ ಯಂತ್ರ ಓಡುತ್ತದೆ. ಕೆಲಸ ಹೋದದ್ದರಿಂದಲೇ ಕರೆಂಟು ಹೆಚ್ಚು ಉರಿಯುತ್ತದೆ, ಹೆಚ್ಚಾದದ್ದಕ್ಕೆ ಅವನೇ ಹಣ ಕಟ್ಟಬೇಕು. ಗೃಹಲಕ್ಷ್ಮಿಯ ಕಂತು ಎಷ್ಟೋ ಸಲ ತಿಂಗಳುಗಟ್ಟಲೆ ತಡವಾಗಿದೆ. ಸಂಬಳವಿರುವ ಮನೆಗೆ ಈ ತಡ ಒಂದು ಕಿರಿಕಿರಿ, ಅದೊಂದೇ ಆದಾಯವಾದ ಮನೆಗೆ ಅದು ಗ್ಯಾಸ್ ಸಿಲಿಂಡರ್.

ಬೇಕಾಗಿರುವುದು ಹೊಸ ದೊಡ್ಡ ಯೋಜನೆಯೇನಲ್ಲ. ಕೆಲಸ ಹೋದ ಮನೆಗೆ ಆರು ತಿಂಗಳ ತಾತ್ಕಾಲಿಕ ಚೀಟಿಯೊಂದನ್ನು ವಾರ್ಡ್ ಕಚೇರಿಯಲ್ಲಿ, ಗ್ರಾಮ ಪಂಚಾಯಿತಿಯಲ್ಲಿ ಕೊಡುವಂತಾಗಲಿ. ಅದನ್ನು ತೋರಿಸಿದರೆ ಪಡಿತರ ಸಿಗಲಿ, ವಿದ್ಯುತ್ತಿನ ಮಿತಿ ಹೊಸದಾಗಿ ಲೆಕ್ಕವಾಗಲಿ, ಶಾಲೆ ಫೀಸಿಗೂ ಸಾಲದ ಕಂತಿಗೂ ಗಡುವು ಸಿಗಲಿ, ಕೆಲಸ ಹುಡುಕುವ ಗಂಡಸಿಗೂ ಆ ಆರು ತಿಂಗಳು ಬಸ್ ಪಾಸು ಸಿಗಲಿ. ಒಂದು ಕಚೇರಿಯಲ್ಲಿ ಒಂದು ಸಲ ಹೇಳಿಕೊಂಡರೆ ಸಾಕು, ಹತ್ತು ಬಾಗಿಲಲ್ಲಿ ನಿಂತು ಹೇಳಿಕೊಳ್ಳುವುದು ತಪ್ಪುತ್ತದೆ.

ದುರುಪಯೋಗವಾಗುತ್ತದೆ ಎಂಬ ಆಕ್ಷೇಪ ಬರುತ್ತದೆ, ಬರಲಿ. ಕೂಲಿಕಾರರ ವಿಷಯದಲ್ಲಿ ಅದಕ್ಕೆ ಉತ್ತರ ಸುಲಭವಲ್ಲ. ಕಟ್ಟಡ ಕೆಲಸ ನಿಂತಿತೆಂದು, ಮನೆಗೆಲಸ ತಪ್ಪಿತೆಂದು ಹೇಳುವವರ ಮಾತನ್ನು ವಾರ್ಡಿನವರು, ಸಂಘದವರು ಸಾಕ್ಷಿಯಾಗಿ ನಿಂತು ನಂಬಬೇಕಾಗುತ್ತದೆ. ಆದರೆ ಪಿಎಫ್, ಇಎಸ್‌ಐ ಇರುವ ಲಕ್ಷಾಂತರ ಕಾರ್ಮಿಕರ ವಿಷಯದಲ್ಲಿ ಆ ತೊಡಕೂ ಇಲ್ಲ. ಅವರ ಖಾತೆಗೆ ಮಾಲೀಕನ ವಂತಿಗೆ ಯಾವ ತಿಂಗಳಿಂದ ಬರುತ್ತಿಲ್ಲ ಎಂಬುದು ಕಂಪ್ಯೂಟರಿನಲ್ಲಿದೆ. ಮನೆಯವನು ಅಕ್ಕಪಕ್ಕದವರಿಗೆ ಹೇಳಲು ಅಂಜುತ್ತಿರುವ ಸುದ್ದಿ ಸರ್ಕಾರಿ ದಾಖಲೆಗೆ ತಿಂಗಳೊಪ್ಪತ್ತಿನಲ್ಲೇ ಮುಟ್ಟಿರುತ್ತದೆ. ಆ ತಿಂಗಳು ಅವನ ಫೋನಿಗೆ ಒಂದು ಸಂದೇಶ ಹೋಗಬೇಕು: ನಿಮಗೆ ಈ ಭತ್ಯೆ ಬರಬೇಕಿದೆ, ಇಂಥ ಆಸ್ಪತ್ರೆ ಇನ್ನೂ ಇಷ್ಟು ತಿಂಗಳು ನಿಮ್ಮದೇ, ನಿಮ್ಮ ವಾರ್ಡಿನಲ್ಲಿ ಇಂಥ ಕಚೇರಿಗೆ ಬನ್ನಿ. ಬಾಡಿಗೆ, ಕಂತು, ಫೀಸಿನ ಬಗ್ಗೆ ಯಾರ ಜೊತೆ ಹೇಗೆ ಮಾತಾಡಬೇಕೆಂದು ತಿಳಿಸಿಕೊಡುವ ಒಬ್ಬ ಮನುಷ್ಯ ಆ ಕಚೇರಿಯ ಕುರ್ಚಿಯಲ್ಲಿರಬೇಕು.